ನೆನೆಸಿದ ಕಾಳು

ಈ ಕತೆಯನ್ನು ಹೇಳುವವರೆಲ್ಲ ಒಂದೇ ಕಡೆಯಿಂದ ಆರಂಭಿಸುವುದಿಲ್ಲ. ಕೆಲವರು ಪರದೇಶದ ಪ್ರವಾಹದಿಂದ ಆರಂಭಿಸುತ್ತಾರೆ, ಕೆಲವರು ಕ್ಯಾಂಟೀನಿನ ಪಾತ್ರೆಯಿಂದ. ಆದರೆ ಎಲ್ಲ ಪಾಠಾಂತರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಅನಾಹುತಕ್ಕೆ ಮೂಲ ಒಂದೇ ಒಂದು ಕ್ರಿಯಾಪದ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ.

ಆ ಕ್ರಿಯಾಪದ ಸ್ವೆಟರ್ ಸಾಹೇಬರ ಕಿವಿಗೆ ಬಿದ್ದದ್ದು ಒಂದು ಸಂಜೆ, ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ.

ಸ್ವೆಟರ್ ಸಾಹೇಬರೆಂದರೆ ಸರ್ಕಾರಿ ಬೀಜ ಸಂಗ್ರಹಾಲಯದ ತಂಪುಕೋಣೆಯ ಮೇಲ್ವಿಚಾರಕರು. ಸ್ವದೇಶದ ತಳಿಗಳ ಜೊತೆಗೆ ಸ್ನೇಹದ ದೇಶಗಳ ತಳಿಗಳನ್ನೂ ಅಲ್ಲಿ ಡಬ್ಬಿಗಳಲ್ಲಿ ಬಿಗಿಯಾಗಿ ಮುಚ್ಚಿ ಕಾಪಿಡಲಾಗುತ್ತಿತ್ತು. ಇಲ್ಲಿಯವು ಅಲ್ಲಿ, ಅಲ್ಲಿಯವು ಇಲ್ಲಿ; ಒಬ್ಬರ ಬೀಜದ ಮನೆಗೆ ಬೆಂಕಿಯೋ ನೀರೋ ನುಗ್ಗಿದರೆ ಇನ್ನೊಬ್ಬರ ಮನೆಯಲ್ಲಿ ಬೀಜ ಉಳಿದಿರಲಿ ಎಂಬುದು ಒಪ್ಪಂದ. ವರ್ಷವಿಡೀ ಆ ಚಳಿಯಲ್ಲಿ ದುಡಿದು ದುಡಿದು ಸಾಹೇಬರಿಗೆ ಸುಡುಬಿಸಿಲಿನಲ್ಲಿಯೂ ಬೂದುಬಣ್ಣದ ಸ್ವೆಟರನ್ನು ಕಳಚುವ ಅಭ್ಯಾಸ ತಪ್ಪಿಹೋಗಿತ್ತು. ಅವರ ವೃತ್ತಿಧರ್ಮವೆಲ್ಲ ಎರಡು ಮಾತುಗಳಲ್ಲಿ ಅಡಗಿತ್ತು: ತಂಪಾಗಿರಲಿ, ಒಣಗಿರಲಿ. ಕೋಣೆಯ ಬಾಗಿಲಲ್ಲಿ ಯಾರಾದರೂ ಸೀನಿದರೆ ಸಾಕು, ತೇವ ಒಳಗೆ ಹೋಯಿತೆಂದು ಅವರ ಎದೆ ಢವಗುಟ್ಟುತ್ತಿತ್ತು.

ಫೋನು ಮಾಡಿದವರು ನಿರ್ದೇಶಕರು. ರಾಜಧಾನಿಯಲ್ಲಿ ಒಪ್ಪಂದದ ಮಾತುಕತೆ ಮುಗಿಸಿ, ರಸ್ತೆಯ ಗದ್ದಲದ ನಡುವೆ ನಿಂತು ಮಾತಾಡುತ್ತಿದ್ದರು. ಮಾತಿಗೊಂದು ತೆರಿಗೆ ಇದೆಯೇನೋ ಎಂಬಂತೆ ಪದಗಳನ್ನು ಎಣಿಸಿ ಆಡುವ ಮನುಷ್ಯ.

"ರೀ, ನೆರೆ ಬಂದಿತ್ತಲ್ಲ, ಆ ದೇಶದವರನ್ನ ನಾಳೆ ಮಧ್ಯಾಹ್ನ ಕರ್ಕೊಂಡ್ ಬರ್ತಿದ್ದೀನಿ. ಅವರ ಕಾಳು ನಮ್ಮಲ್ಲಿದೆ ಅಲ್ವಾ?"

"ಇದೆ ಸಾರ್. ಭದ್ರವಾಗಿದೆ."

"ಅದನ್ನ ಚೆನ್ನಾಗಿ ನೆನೆಸಿ. ಮರೀಬೇಡಿ."

ಫೋನು ಕಟ್ಟಾಯಿತು.

ಸಾಹೇಬರು ಆ ದೇಶದ ಡಬ್ಬಿಯಿದ್ದ ಕಪಾಟಿನ ಮುಂದೆ ಹೋಗಿ ನಿಂತರು. ಆ ದೇಶದ ಬೀಜದ ಮನೆ ಪ್ರವಾಹದಲ್ಲಿ ಮುಳುಗಿ, ಅಲ್ಲಿದ್ದ ಕಾಳೆಲ್ಲ ಕೊಳೆತುಹೋಗಿದೆಯೆಂಬ ಸುದ್ದಿ ಅವರಿಗೆ ಗೊತ್ತಿತ್ತು. ಉಳಿದದ್ದು ಇಲ್ಲಿನ ಡಬ್ಬಿಯೊಂದೇ ಎಂದು ಕಚೇರಿಯಲ್ಲೆಲ್ಲ ಮಾತು. ಅದಕ್ಕೆ ನೀರು ಹಾಕುವುದೇ? ಆದರೆ ಹೇಳಿದವರು ನಿರ್ದೇಶಕರು. ಹೇಳಿದ್ದನ್ನು ಎರಡನೆಯ ಸಲ ಕೇಳುವವರನ್ನು ಕಂಡರೆ ಉರಿದುಬೀಳುವವರು. ಕೊನೆಗೆ ಸಾಹೇಬರು ಡಬ್ಬಿಯ ಬಾಯಿ ಬಿಚ್ಚಿ, ಕೆಂಗಂದು ಮೈಯ, ಬೆನ್ನ ಮೇಲೆ ಬಿಳಿ ಚುಕ್ಕಿಯ ಕಾಳುಗಳನ್ನೆಲ್ಲ ಸ್ಟೀಲ್ ಬೋಗುಣಿಗೆ ಸುರಿದು, ಕಣ್ಣು ಮುಚ್ಚಿಕೊಂಡು ನೀರು ಹೊಯ್ದರು. ಕಣ್ಣು ಮುಚ್ಚಿದ್ದರಿಂದ ಅರ್ಧ ನೀರು ಬೂಟಿನೊಳಗೆ ಹೋಯಿತು.

ಮರುದಿನ ಬೆಳಿಗ್ಗೆ ತಿಂಡಿಯ ತಟ್ಟೆಯನ್ನೇ ದಿಟ್ಟಿಸುತ್ತ ಕುಳಿತ ಗಂಡನನ್ನು ನೋಡಿ ಹೆಂಡತಿ ಸೌಟನ್ನು ಕೆಳಗಿಟ್ಟರು.

"ಏನ್ರೀ ಅದು, ತಟ್ಟೆ ಜೊತೆ ಮಾತುಕತೆ ನಡೀತಿದೆಯಾ?"

ಸಾಹೇಬರು ವಿಷಯ ಹೇಳಿದರು.

"ಬೇರೆ ದೇಶದವರ ಕಾಳನ್ನ ನೀರಿಗೆ ಹಾಕಿ ಬಂದ್ರಾ? ಮನೇಲಿ ಒಂದು ಲೋಟ ನೀರು ಚೆಲ್ಲಿದ್ರೆ ಊರೇ ಮುಳುಗಿದ ಹಾಗೆ ಕೂಗಾಡೋರು ನೀವೇ ತಾನೇ?"

"ನಿರ್ದೇಶಕರು ಹೇಳಿದ್ರು ಕಣೇ."

"ಸರಿಯಾಗಿ ಕೇಳಿಸ್ಕೊಂಡ್ರಾ? ಮೊನ್ನೆ ಸೊಪ್ಪು ತನ್ನಿ ಅಂದ್ರೆ ಸೋಪು ತಂದಿರಲ್ಲ, ಹಾಗಲ್ಲ ತಾನೇ?"

ಆ ಒಂದು ಪ್ರಶ್ನೆ ಸಾಹೇಬರ ಹೊಟ್ಟೆಯೊಳಗೆ ಇಳಿದು, ತಿಂಡಿಗೆ ಜಾಗವಿಲ್ಲದಂತೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಂಡಿತು.

ಕಚೇರಿಗೆ ಬಂದು ನೋಡುತ್ತಾರೆ, ಕಾಳುಗಳು ಚೆನ್ನಾಗಿ ಉಬ್ಬಿ, ಮದುವೆಮನೆಯ ಬೀಗರಂತೆ ಬೋಗುಣಿಯ ತುಂಬ ಮೈಚಾಚಿ ಮಲಗಿದ್ದವು. ನೀರೆಲ್ಲ ಕಡುಗೆಂಪು. ಅಷ್ಟರಲ್ಲಿ ಹಿಂದಿನಿಂದ ಲೆಕ್ಕದವರು ಇಣುಕಿದರು. ಲೆಕ್ಕದವರಿಗೆ ಸಂಸ್ಥೆಯ ಲೆಕ್ಕಪತ್ರವೊಂದನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲೂ ಆಸಕ್ತಿ.

"ಏನ್ ಸಾರ್ ಇದು? ರಕ್ತಪಾತ ಆದ ಹಾಗಿದೆ?"

"ಆ ದೇಶದ ಕಾಳು. ನಿರ್ದೇಶಕರು ನೆನೆಸಿ ಅಂದ್ರು."

ಲೆಕ್ಕದವರು ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳಿಂದ ತಲೆ ಹಿಡಿದುಕೊಂಡರು.

"ಅಯ್ಯೋ ನಿಮ್ಮ! ನೆನೆಸಿ ಅಂದ್ರೆ ನೀರಿಗೆ ಹಾಕಿ ಅಂತಾನಾ? ಸ್ಮರಿಸಿ ಅಂತ ಸಾರ್! ಸ್ವಾಗತ ಭಾಷಣದಲ್ಲಿ ಆ ಕಾಳಿನ ಬಗ್ಗೆ ನಾಲ್ಕು ಒಳ್ಳೇ ಮಾತಾಡಿ ಅಂತ!"

"ಅವರು... 'ಚೆನ್ನಾಗಿ ನೆನೆಸಿ' ಅಂದ್ರು."

"ಚೆನ್ನಾಗಿ ಸ್ಮರಿಸಿ! ಹೋದ ಸಲದ ಸಮಾರಂಭದಲ್ಲಿ ಸಂಸ್ಥಾಪಕರನ್ನ ನೆನೆಸಿ ಅಂದ್ರಲ್ಲ, ಆಗ ಅವರ ಫೋಟೋನ ಬಕೆಟ್ಟಿಗೆ ಹಾಕಿದ್ರಾ?"

ಅಷ್ಟರಲ್ಲಾಗಲೇ ಸಾಹೇಬರ ಇಡೀ ವೃತ್ತಿಧರ್ಮ ಲೆಕ್ಕದವರ ಪಕ್ಷಕ್ಕೆ ಜಿಗಿದು ಕುಳಿತಿತ್ತು. ಸಾಹೇಬರು ಅಲ್ಲಿಯೇ ಇದ್ದ ಸ್ಟೂಲಿನ ಮೇಲೆ ಕುಸಿದರು. ಆ ಸ್ಟೂಲಿಗೆ ಮೂರೇ ಕಾಲೆಂಬುದು ನೆಲಕ್ಕೆ ಬಿದ್ದ ಮೇಲೆ ತಿಳಿಯಿತು.

"ಕೇಳಿಬಿಡ್ತೀನಿ," ಎಂದು ನೆಲದಿಂದಲೇ ನಿರ್ದೇಶಕರಿಗೆ ಫೋನು ಮಾಡಿದರು. ಕಾರಿನಲ್ಲಿ ಅತಿಥಿಗಳ ಜೊತೆ ಕುಳಿತಿದ್ದ ನಿರ್ದೇಶಕರು ದನಿ ತಗ್ಗಿಸಿ, "ಏನ್ರೀ? ನೆನೆಸಿದ್ರಾ?" ಎಂದರು.

"ಸಾರ್, ನೆನೆಸೋದು ಅಂದ್ರೆ..."

"ಅಂದ್ರೆ ಏನು? ನೆನೆಸೋದು ಅಂದ್ರೆ ನೆನೆಸೋದು! ಅಷ್ಟೂ ಅರ್ಥ ಆಗಲ್ವೇನ್ರೀ?"

ಫೋನು ಕಟ್ಟಾಯಿತು.

"ನೋಡಿದ್ರಾ?" ಎಂದರು ಲೆಕ್ಕದವರು, ವಿಜಯದ ದನಿಯಲ್ಲಿ. ಏನನ್ನು ನೋಡಬೇಕಿತ್ತೆಂದು ಸಾಹೇಬರು ಕೇಳಲಿಲ್ಲ.

ಅಲ್ಲಿಂದಾಚೆಗೆ ಒಣಗಿಸುವ ಕಾರ್ಯ ಆರಂಭವಾಯಿತು. ಸಭಾಂಗಣದ ಫ್ಯಾನುಗಳೇ ಕಟ್ಟಡದಲ್ಲೆಲ್ಲ ಜೋರಾಗಿ ತಿರುಗುವಂಥವು ಎಂಬುದು ಲೆಕ್ಕದವರ ಅನುಭವ. ಕಾಳು ಹರಡಲು ದೊಡ್ಡ ಬಟ್ಟೆ ಬೇಕಾಯಿತು. ಅವಸರದಲ್ಲಿ ಸಿಕ್ಕಿದ ಬಿಳಿಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಕಾಳು ಸುರಿದು, ಫ್ಯಾನುಗಳನ್ನೆಲ್ಲ ಒಮ್ಮೆಗೇ ಹಾಕಿದರು. ಕಾಳು ಒಣಗಲಿಲ್ಲ, ಗೋಡೆಯ ಮೇಲಿನ ನಕ್ಷೆಗಳು, ವರದಿಗಳು, ಹೂದಾನಿಯ ಕಾಗದದ ಹೂಗಳು ಒಟ್ಟಾಗಿ ಹಾರಿ ಸಾಹೇಬರ ಮುಖಕ್ಕೆ ಅಂಟಿಕೊಂಡವು. ಮುಖದ ಮೇಲಿನ ನಕ್ಷೆಯನ್ನು ಕಿತ್ತು ನೋಡುವಾಗ ಬಿಳಿಬಟ್ಟೆಯ ಅಂಚಿನಲ್ಲಿ ಬಂಗಾರದ ಬಣ್ಣದ ಅಕ್ಷರಗಳು ಕಂಡವು.

ಅದು ಅತಿಥಿಗಳಿಗಾಗಿ ಬರೆಸಿದ ಸ್ವಾಗತದ ಬಟ್ಟೆ. ಅದರ ಮೇಲೆ ಈಗ ಕಾಳಿನ ಕೆಂಪು ಇಳಿದು, ಸ್ವಾಗತ ಮಾಡಲು ಹೊರಟವರನ್ನೇ ಯಾರೋ ಇರಿದುಹಾಕಿದಂತೆ ಕಾಣುತ್ತಿತ್ತು.

"ತೊಂದರೆ ಇಲ್ಲ ಸಾರ್," ಎಂದರು ಲೆಕ್ಕದವರು. "ತಿರುಗಿಸಿ ಕಟ್ಟಿದ್ರಾಯ್ತು."

ತಿರುಗಿಸಿದರೆ ಅಕ್ಷರಗಳೂ ತಿರುಗುತ್ತವೆ ಎಂಬ ಮಾತನ್ನು ಹೇಳುವ ಚೈತನ್ಯ ಸಾಹೇಬರಲ್ಲಿ ಉಳಿದಿರಲಿಲ್ಲ. ಗಡಿಯಾರ ನೋಡಿಕೊಂಡರು. ಪ್ರತಿ ಸಲ ನೋಡಿದಾಗಲೂ ಅದರ ಮುಳ್ಳು ಅವರ ಕಡೆಗೇ ಚಾಚಿದಂತೆ ಅನ್ನಿಸುತ್ತಿತ್ತು. ಬೆವರು ಸ್ವೆಟರಿನ ಒಳಗೆ ಇಳಿದು, ಆ ಕಟ್ಟಡದಲ್ಲಿ ಕಾಳಿಗಿಂತ ಹೆಚ್ಚು ಒದ್ದೆಯಾದ ವಸ್ತು ತಾವೇ ಎಂದು ಅವರಿಗೆ ಮನವರಿಕೆಯಾಯಿತು.

"ಬಿಸಿ ಬೇಕು ಸಾರ್, ಬರೀ ಗಾಳಿ ಸಾಲದು," ಎಂದು ಲೆಕ್ಕದವರು ಕಾಳನ್ನು ಒಂದು ಅಗಲದ ಪಾತ್ರೆಗೆ ತುಂಬಿ ಕ್ಯಾಂಟೀನಿನತ್ತ ನಡೆದರು. ಅಲ್ಲಿನ ಅಡುಗೆಯ ಅಕ್ಕ ಅತಿಥಿಗಳ ಊಟದ ಗಡಿಬಿಡಿಯಲ್ಲಿ ಮುಳುಗಿದ್ದರು. ಲೆಕ್ಕದವರು ಬಾಗಿಲಿನಿಂದಲೇ, "ಅಕ್ಕಾ, ಈ ಕಾಳನ್ನ ಸ್ವಲ್ಪ ಒಲೆ ಮೇಲೆ ಇಡಿ, ಬೇಗ ಆಗ್ಬೇಕು!" ಎಂದು ಕೂಗಿ, ಸ್ವಾಗತದ ಬಟ್ಟೆ ತೊಳೆಯಲು ಸಾಹೇಬರನ್ನು ಎಳೆದುಕೊಂಡು ಹೋದರು.

ಬಟ್ಟೆಯ ಕೆಂಪು ಹೋಗಲಿಲ್ಲ. ಬಂಗಾರದ ಅಕ್ಷರಗಳು ಹೋದವು.

ಇಬ್ಬರೂ ಮರಳಿ ಕ್ಯಾಂಟೀನಿಗೆ ಬಂದಾಗ ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಸಾಹೇಬರು ಮುಚ್ಚಳ ತೆಗೆದರು. ಬಿಳಿ ಚುಕ್ಕಿಯ ಕಾಳುಗಳು ಮೆತ್ತಗೆ ಒಡೆದು, ಒಂದರ ಮೇಲೊಂದು ಉರುಳಾಡುತ್ತಿದ್ದವು.

"ಅಕ್ಕಾ!" ಎಂದರು ಸಾಹೇಬರು. ಅದು ಕರೆಯೋ ಆಕ್ರಂದನವೋ ಎಂಬ ಬಗ್ಗೆ ಹೇಳುವವರಲ್ಲಿ ಭಿನ್ನಮತವಿದೆ.

"ಏನ್ರೀ ಹೀಗೆ ಕಿರುಚ್ತೀರಾ? ಉಪ್ಪು ಹಾಕಿದ್ದೀನಿ."

"ಒಣಗಿಸೋಕೆ ಕೊಟ್ಟಿದ್ದು ಅಕ್ಕಾ! ಒಣಗಿಸೋಕೆ!"

"ನೆನೆದ ಕಾಳು ತಂದು ಒಲೆ ಮೇಲಿಡಿ, ಬೇಗ ಆಗ್ಬೇಕು ಅಂದ್ರೆ ಏನು ಮಾಡ್ಲಿ? ತೊಡೆ ಮೇಲೆ ಮಲಗಿಸ್ಕೊಂಡು ಲಾಲಿ ಹಾಡ್ಲಾ? ಬೇಯಿಸ್ದೆ!"

ಲೆಕ್ಕದವರು ಪರೀಕ್ಷೆಗೆಂದು ಒಂದು ಚಮಚ ತೆಗೆದುಕೊಂಡು, ಊದಿ, ಬಾಯಿಗೆ ಹಾಕಿ, ಕಣ್ಣು ಮುಚ್ಚಿದರು. "ರುಚಿ ಮಾತ್ರ ಬಹಳ ಚೆನ್ನಾಗಿದೆ ಸಾರ್," ಎಂದರು.

ಸಾಹೇಬರು ಗೋಡೆಗೆ ಒರಗಿ ನಿಂತರು. ನಾಳೆಯ ಪತ್ರಿಕೆಗಳು, ವಿಚಾರಣೆ, ತಂಪುಕೋಣೆಯ ಬೀಗದ ಕೈಯನ್ನು ಬೇರೆ ಯಾರದೋ ಕೈಗೆ ಕೊಡುವ ಗಳಿಗೆ, ಎಲ್ಲ ಕಣ್ಣೆದುರು ಹಾದುಹೋದವು. ಇವೆಲ್ಲಕ್ಕಿಂತ ಆಚೆ, ಹೆಸರೂ ಸರಿಯಾಗಿ ಉಚ್ಚರಿಸಲು ಬಾರದ ಒಂದು ದೇಶದ ಜನ ಕೆಸರಿನಲ್ಲಿ ನಿಂತು, ಕೈಚಾಚಿ, ಈ ಪಾತ್ರೆಯತ್ತ ನೋಡುತ್ತಿರುವಂತೆ ಕಂಡಿತು. ಅದನ್ನು ಮಾತ್ರ ಅವರಿಂದ ತಾಳಿಕೊಳ್ಳಲಾಗಲಿಲ್ಲ.

"ನಡೀರಿ, ಹೋಗಿ ನಿಜ ಹೇಳಿಬಿಡೋಣ," ಎಂದರು.

"ನಿಜ ಹೇಳೋಕೆ ಇಡೀ ಜೀವಮಾನ ಇದೆ ಸಾರ್. ಈಗ ಡಬ್ಬಿ ತುಂಬೋ ಕೆಲಸ ನೋಡಿ. ರಸ್ತೆ ಆಚೆ ದಿನಸಿ ಅಂಗಡಿ ಇದೆ. ಕೆಂಪು ಕಾಳು, ಬಿಳಿ ಚುಕ್ಕಿ. ಇಂದಿನ ಮಟ್ಟಿಗೆ ಮಾನ ಉಳಿಯುತ್ತೆ."

ಭಯಪಟ್ಟ ಮನುಷ್ಯನ ವಿಚಿತ್ರವೆಂದರೆ, ಯಾರ ಮಾತು ಕೇಳಿ ಕೆಟ್ಟನೋ ಅವರ ಮಾತೇ ಅವನಿಗೆ ಮತ್ತೆ ಆಸರೆಯಾಗಿ ಕಾಣುತ್ತದೆ. ಸ್ವೆಟರ್ ಸಾಹೇಬರು ರಸ್ತೆ ದಾಟಿದರು.

ದಿನಸಿ ಅಂಗಡಿಯವರು ಮೂಟೆಯಿಂದ ಕಾಳನ್ನು ಮೊಗೆದು ತೋರಿಸಿದರು. ಬಣ್ಣ ಅದೇ. ಚುಕ್ಕಿಯೂ ಅದೇ, ಸ್ವಲ್ಪ ದಪ್ಪ.

"ಇದು ಯಾವ ತಳಿ?" ಎಂದು ಸಾಹೇಬರು ಅಭ್ಯಾಸಬಲದಿಂದ ಕೇಳಿದರು.

"ತಳಿಗಿಳಿ ಗೊತ್ತಿಲ್ಲ ಸ್ವಾಮಿ. ಬೇಗ ಬೇಯುತ್ತೆ."

ಸಾಹೇಬರಿಗೆ ಕಣ್ಣೀರು ಬಂದಿತು. ಅಂಗಡಿಯವರು ಬೆಲೆ ಕೇಳಿ ಅಳುವ ಗಿರಾಕಿಗಳನ್ನು ಕಂಡಿದ್ದರು, ತಳಿ ಕೇಳಿ ಅಳುವವರನ್ನು ಇದೇ ಮೊದಲು ನೋಡುತ್ತಿದ್ದುದು. ಪಾಪ ಎನ್ನಿಸಿ ಒಂದು ಹಿಡಿ ಹೆಚ್ಚಿಗೆ ಹಾಕಿಕೊಟ್ಟರು.

ತಂಪುಕೋಣೆಯಲ್ಲಿ ಸಾಹೇಬರು ಅಂಗಡಿಯಿಂದ ತಂದದ್ದನ್ನು ಡಬ್ಬಿಗೆ ತುಂಬುವಾಗ ಕಾಳುಗಳು ಗೆಜ್ಜೆಯಂತೆ ಸದ್ದುಮಾಡಿದವು. ಸುತ್ತಲಿನ ಕಪಾಟುಗಳಲ್ಲಿ ಸಾಲಾಗಿ ನಿಂತ ಬೇರೆ ಬೇರೆ ದೇಶಗಳ ಡಬ್ಬಿಗಳು, ಕಳ್ಳತನವನ್ನು ಕಂಡೂ ಮರ್ಯಾದೆಗೆ ಸುಮ್ಮನಿರುವ ನೆಂಟರಂತೆ ನೋಡುತ್ತಿದ್ದವು. ಆ ಕೋಣೆಯೊಳಗೆ ಅವರು ಇಟ್ಟ ಮೊದಲ ಸುಳ್ಳು ಅದು.

ಅತಿಥಿಗಳು ಬಂದರು. ಒಟ್ಟು ಇಬ್ಬರೇ. ಒಬ್ಬರು ಮುಳುಗಿದ ಬೀಜದ ಮನೆಯ ಮುಖ್ಯಸ್ಥೆ, ಬೆಳ್ಳಿಗೂದಲಿನ ಹಿರಿಯಮ್ಮ. ಅವರ ಬೂಟಿನ ಹೊಲಿಗೆಗಳಲ್ಲಿ ಇನ್ನೂ ಒಣಗಿದ ಕೆಸರು ಇತ್ತು. ಇನ್ನೊಬ್ಬರು ದುಭಾಷಿ. ಅವರು ಈ ಭಾಷೆಯನ್ನು ಜನರಿಂದ ಕಲಿತವರಲ್ಲ, ಹಳೆಯ ಪುಸ್ತಕಗಳಿಂದ ಕಲಿತವರು. ಬಾಗಿಲಲ್ಲಿ ಕಾವಲುಗಾರ "ಬನ್ನಿ ಬನ್ನಿ" ಎಂದದ್ದಕ್ಕೆ, "ಧನ್ಯನಾದೆ, ದ್ವಾರಪಾಲಕರೇ," ಎಂದು ಉತ್ತರಿಸಿ ಅವನನ್ನು ದಿಗ್ಭ್ರಮೆಗೊಳಿಸಿದ್ದರು.

ಸಂಸ್ಥೆಯ ಹಿತ್ತಲಿನ ತೋಟದಲ್ಲಿ ಕುರ್ಚಿಗಳನ್ನು ಹಾಕಿದ್ದರು. ಸ್ವಾಗತದ ಬಟ್ಟೆ ತಿರುಗಿ ನೇತಾಡುತ್ತಿತ್ತು. ಕುರ್ಚಿಗಳ ಎದುರಿಗೆ ಹೊಸದಾಗಿ ಅಗೆದು ಹದಮಾಡಿದ ಎರಡು ಪಾತಿಗಳಿದ್ದವು. ಅವೇಕೆ ಅಲ್ಲಿವೆಯೆಂದು ಯೋಚಿಸುವ ಸ್ಥಿತಿಯಲ್ಲಿ ಸಾಹೇಬರಿರಲಿಲ್ಲ. ಹಿರಿಯಮ್ಮ ತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದರು. ದುಭಾಷಿ ಅನುವಾದಿಸಿದರು:

"ನಮ್ಮ ನಾಡು ತಗ್ಗಿನದು. ವರ್ಷಕ್ಕೊಮ್ಮೆ ನದಿ ಮನೆಯೊಳಗೆ ಬರುತ್ತದೆ. ನೀರು ಇಳಿದ ಮೇಲಿನ ಕೆಸರಿನಲ್ಲಿ ಬತ್ತ ಬಾರದು, ಜೋಳ ಬಾರದು. ಈ ಕಾಳೊಂದೇ ಬರುತ್ತದೆ. ಮುಂದಿನ ಬೆಳೆಯವರೆಗೆ ನಮ್ಮ ಮಕ್ಕಳನ್ನು ಸಾಕುವುದು ಇದೇ. ಇದು ನಿಮ್ಮಲ್ಲಿ ಉಳಿದಿದೆಯೆಂದು ಕೇಳಿದ ದಿನ ನಮ್ಮ ಊರುಗಳಲ್ಲಿ ಜನ ನಕ್ಕರು."

ನಿರ್ದೇಶಕರು ಹೆಮ್ಮೆಯಿಂದ ಸಾಹೇಬರತ್ತ ಕೈ ತೋರಿಸಿ, "ಕಾಪಾಡಿದವರು ಇವರೇ," ಎಂದರು. "ಎರಡು ಮಾತಾಡಿ."

ಸಾಹೇಬರು ಎದ್ದು ನಿಂತರು. ಕಾಳನ್ನು ನೆನೆಸಬೇಕು, ಚೆನ್ನಾಗಿ ನೆನೆಸಬೇಕು. ಆ ಹೊತ್ತಿಗೆ ಅವರಿಗೆ ತಿಳಿದಿದ್ದ ಕರ್ತವ್ಯ ಅದೊಂದೇ. ಬಾಯಿ ತೆರೆದದ್ದೇ ತಡ, ಎದೆಯೊಳಗಿನ ಭಯವೆಲ್ಲ ಭಕ್ತಿಯ ರೂಪದಲ್ಲಿ ಹರಿಯತೊಡಗಿತು.

"ಆ ಕಾಳು... ಅದರ ಕೆಂಪು ಮೈ ನೆನೆಸಿಕೊಂಡ್ರೆ ನನಗೆ ಈಗ್ಲೂ ಮೈ ಜುಂ ಅನ್ನುತ್ತೆ. ದಿನಾ ಬಾಗಿಲು ತೆಗೆದ ತಕ್ಷಣ ಮೊದಲು ಅದರ ಡಬ್ಬಿ ಮುಟ್ಟಿ ನೋಡ್ತಿದ್ದೆ. ಮಕ್ಕಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡ್ತೀವಲ್ಲ, ಹಾಗೆ. ಅಂಥಾ ಕಾಳು ಇನ್ನು..." ಇಲ್ಲಿ ಅವರ ಕಣ್ಣು ಕ್ಯಾಂಟೀನಿನ ಕಡೆ ಹೋಯಿತು. "ಇನ್ನೆಲ್ಲೂ ಸಿಗಲ್ಲ."

ಹಿರಿಯಮ್ಮ ಕರವಸ್ತ್ರ ತೆಗೆದರು. ಕ್ಯಾಂಟೀನಿನ ಕಿಟಕಿಯಲ್ಲಿ ನಿಂತಿದ್ದ ಅಡುಗೆಯ ಅಕ್ಕನೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಲೆಕ್ಕದವರು ಗಟ್ಟಿಯಾಗಿ ಚಪ್ಪಾಳೆ ತಟ್ಟಿದರು.

"ಶಹಬ್ಬಾಸ್!" ಎಂದರು ನಿರ್ದೇಶಕರು. "ಸರಿ, ಈಗ ನೆನೆಸಿದ ಕಾಳು ತನ್ನಿ. ಬಿತ್ತೋಣ."

ಸಾಹೇಬರಿಗೆ ಮಾತು ಕೇಳಿಸಿತು, ಅರ್ಥವಾಗಲಿಲ್ಲ.

"ಏನು ಬಿತ್ತೋದು ಸಾರ್?"

"ಕಾಳು ರೀ! ಅವರ ನೆಲ ಇನ್ನೂ ನೀರಲ್ಲಿದೆ. ಅದಕ್ಕೇ ಇಲ್ಲಿ ಬೆಳೆದು, ಬೀಜ ಹೆಚ್ಚಿಸಿ, ಅವರಿಗೆ ಕಳ್ಸೋದು. ಅದೇ ಒಪ್ಪಂದ. ಸಿಪ್ಪೆ ಗಟ್ಟಿ ಅಂತ ತಾನೇ ಹಿಂದಿನ ದಿನಾನೇ ನಿಮಗೆ ನೆನೆಸಿ ಅಂದಿದ್ದು?"

"ನೆನೆಸಿದೆನಲ್ಲ ಸಾರ್!"

"ಎಲ್ಲಿ?"

"ಈಗ ತಾನೇ... ಭಾಷಣದಲ್ಲಿ."

ನಿರ್ದೇಶಕರು ಅತಿಥಿಗಳಿಗೆ ಕಾಣದಂತೆ ತಿರುಗಿ, ಹಲ್ಲು ಕಚ್ಚಿಕೊಂಡು, "ಭಾಷಣದಲ್ಲಿ ಯಾರ್ರೀ ಕಾಳು ನೆನೆಸ್ತಾರೆ? ನೀರಲ್ಲಿ ನೆನೆಸ್ತಾರೆ!" ಎಂದರು.

ಸಾಹೇಬರು ಲೆಕ್ಕದವರತ್ತ ನೋಡಿದರು. ಲೆಕ್ಕದವರು ಆಕಾಶದಲ್ಲಿ ಹಾರುತ್ತಿದ್ದ ಯಾವುದೋ ಹಕ್ಕಿಯನ್ನು ಬಹಳ ಶ್ರದ್ಧೆಯಿಂದ ಗಮನಿಸುತ್ತಿದ್ದರು. ಆ ದಿನ ಮೊದಲ ಸಲ ಸಾಹೇಬರಿಗೆ ಒಂದು ವಿಷಯ ಸ್ಪಷ್ಟವಾಯಿತು: ಹಿಂದಿನ ಸಂಜೆ ತಾವು ಮಾಡಿದ್ದು ಸರಿಯಾಗಿತ್ತು. ಬೋಗುಣಿಯನ್ನು ಮುಟ್ಟದೆ ಬೆಳಗಿನಿಂದ ಸುಮ್ಮನೆ ಕುಳಿತಿದ್ದರೆ ಸಾಕಾಗಿತ್ತು.

"ಹೋಗ್ಲಿ, ಒಣ ಕಾಳೇ ಬಿತ್ತೋಣ," ಎಂದು ನಿರ್ದೇಶಕರು ಡಬ್ಬಿಯನ್ನು ತಾವೇ ತರಿಸಿ, ಹಿರಿಯಮ್ಮನ ಬೊಗಸೆಗೆ ಕಾಳು ಸುರಿದರು. ಹಿರಿಯಮ್ಮ ಪಾತಿಯ ಪಕ್ಕದಲ್ಲಿ ಮಂಡಿಯೂರಿ, ಆ ಕಾಳನ್ನು ಕಣ್ಣಿಗೊತ್ತಿಕೊಂಡರು.

ಸಾಹೇಬರ ಒಳಗೆ ಏನೋ ಮುರಿಯಿತು. ನೌಕರಿ ಹೋದರೆ ಹೋಗಲಿ. ದಿನಸಿ ಅಂಗಡಿಯ ಕಾಳನ್ನು ಈ ತಾಯಿ ಕಣ್ಣಿಗೊತ್ತಿಕೊಳ್ಳುವುದನ್ನು ನೋಡಲಾಗದು. ಓಡಿಹೋಗಿ ಅವರ ಎದುರು ಕುಕ್ಕರಿಸಿ, ಕೈಮುಗಿದು, ದುಭಾಷಿಯನ್ನು ಹತ್ತಿರ ಎಳೆದುಕೊಂಡರು.

"ನಾನು ಹೇಳೋದನ್ನ ಅವರಿಗೆ ಹಾಗೇ ಹೇಳಿ. ತಾಯೀ, ನಾನು ರಾತ್ರಿಯೆಲ್ಲ ನೆನೆಸಿದ್ದೆ. ಬೆಳಿಗ್ಗೆ ಬೆಂದುಹೋಯ್ತು. ಪೂರ್ತಿ ಬೆಂದುಹೋಯ್ತು!"

ದುಭಾಷಿ ಒಂದು ಕ್ಷಣ ಸಾಹೇಬರನ್ನು ಪೂಜ್ಯಭಾವದಿಂದ ನೋಡಿ, ಅನುವಾದಿಸಿದರು. ಹಿರಿಯಮ್ಮ ಕಾಳನ್ನು ಪಾತಿಗೆ ಸುರಿದು, ಎರಡೂ ಕೈಗಳಿಂದ ಸಾಹೇಬರ ಕೆನ್ನೆ ಹಿಡಿದುಕೊಂಡು ಬಿಕ್ಕಿದರು.

"ಏನಂತ ಹೇಳಿದ್ರಿ?" ಎಂದರು ಸಾಹೇಬರು, ಅದುಮಿದ ಕೆನ್ನೆಗಳ ನಡುವಿನಿಂದ.

"ತಾವು ನುಡಿದುದನ್ನೇ, ಆರ್ಯರೇ. ಇರುಳೆಲ್ಲ ನಮ್ಮನ್ನು ನೆನೆದಿರಿ, ಮುಂಜಾನೆಯ ವೇಳೆಗೆ ತಮ್ಮ ಹೃದಯ ಬೆಂದುಹೋಯಿತು, ಎಂದೆ."

"ಹೃದಯ ಅಲ್ಲ ರೀ!" ಸಾಹೇಬರು ಪಾತಿಯ ಕಾಳನ್ನು ತೋರಿಸುತ್ತ ಕೂಗಿದರು: "ಇದು ಕಾಳಲ್ಲ, ತಾಯೀ! ಇದು ಆ ಕಾಳಲ್ಲ!"

ದುಭಾಷಿಯ ಕಣ್ಣುಗಳೂ ಈಗ ತುಂಬಿ ಬಂದವು. ಅವರು ಎದೆಯ ಮೇಲೆ ಕೈಯಿಟ್ಟು, ಒಂದೊಂದೇ ಪದವನ್ನು ತೂಗಿ ಅನುವಾದಿಸಿದರು. ಅವರು ಏನೆಂದು ಅನುವಾದಿಸಿದರೆಂಬುದು ಆಮೇಲೆ ತಿಳಿಯಿತು: 'ಇದು ಬರಿಯ ಕಾಳಲ್ಲ, ಇದು ತಾಯಿ.'

ಹಿರಿಯಮ್ಮ ಸಾಹೇಬರನ್ನು ತಬ್ಬಿಕೊಂಡರು. ತಬ್ಬಿಕೊಂಡೇ ಇನ್ನೊಂದು ಕೈಯಿಂದ ಕಾಳುಗಳ ಮೇಲೆ ಮಣ್ಣೆಳೆದರು. ನಿರ್ದೇಶಕರು ಹೂಜಿಯಿಂದ ನೀರು ಹನಿಸಿದರು. ದಿನಸಿ ಅಂಗಡಿಯ ಕಾಳು ಎರಡು ದೇಶಗಳ ಸ್ನೇಹದ ನೆಲದೊಳಗೆ ವಿಧಿವತ್ತಾಗಿ ಸೇರಿತು.

ಆಗ ಹಿರಿಯಮ್ಮ ಮೂಗು ಒರೆಸಿಕೊಂಡು, ನಗುತ್ತ, ತಮ್ಮ ಕೈಚೀಲದಿಂದ ಒದ್ದೆಬಟ್ಟೆಯ ಒಂದು ಗಂಟನ್ನು ತೆಗೆದರು. ಬಿಚ್ಚಿದಾಗ ಕೆಂಗಂದು ಮೈಯ, ಬಿಳಿ ಚುಕ್ಕಿಯ ಕಾಳುಗಳು ಚೆನ್ನಾಗಿ ಉಬ್ಬಿ ಮಿರುಗುತ್ತಿದ್ದವು.

"ಮುಳುಗುವ ನಾಡಿನವರು ನಾವು," ಎಂದು ದುಭಾಷಿ ಅನುವಾದಿಸಿದರು. "ನಮ್ಮ ಬೀಜವನ್ನು ಒಬ್ಬನೇ ಮಿತ್ರನ ಮನೆಯಲ್ಲಿ ಇಟ್ಟಿರುತ್ತೇವೆಯೇ? ಇನ್ನೊಂದು ದೇಶದಲ್ಲಿಯೂ ಇಟ್ಟಿದ್ದೆವು. ದಾರಿಯಲ್ಲಿ ಅದನ್ನೂ ಪಡೆದು ತಂದೆವು. ಆ ದೇಶದವರು ನೆನೆಸಿಯೇ ಕೊಟ್ಟರು."

ಸಾಹೇಬರ ಮೈಯಿಂದ ಒಂದು ದೊಡ್ಡ ಉಸಿರು ಹೊರಬಿತ್ತು. ಕಾಳು ಸತ್ತಿಲ್ಲ! ಆ ಜನರ ಕೆಸರಿನಲ್ಲಿ ಅದು ಮತ್ತೆ ಹುಟ್ಟುತ್ತದೆ, ಆ ಮಕ್ಕಳು ಉಣ್ಣುತ್ತಾರೆ. ಬೆಳಗಿನಿಂದ ಮೊದಲ ಬಾರಿಗೆ ಅವರಿಗೆ ಹಸಿವಾಯಿತು. ನಗು ಬಂದಿತು. ಸ್ವೆಟರಿನ ಮೇಲಿನ ಗುಂಡಿಯನ್ನು ಸಹ ಬಿಚ್ಚಿದರೆಂದು ಹೇಳುವವರಿದ್ದಾರೆ.

ಹಿರಿಯಮ್ಮ ಆ ಕಾಳನ್ನು ಪಕ್ಕದ ಪಾತಿಯಲ್ಲಿ ಬಿತ್ತಿ, ಎದ್ದು ನಿಂತು, ಇನ್ನೊಂದು ಮಾತು ಹೇಳಿದರು. ದುಭಾಷಿ ಅದನ್ನೂ ಅನುವಾದಿಸಿದರು:

"ಹೂ ಬಿಡುವ ಕಾಲಕ್ಕೆ ಮರಳಿ ಬರುತ್ತೇವೆ. ಎರಡು ಪಾತಿಗಳನ್ನೂ ಅಕ್ಕಪಕ್ಕ ನೋಡಿದರೆ ಯಾವ ದೇಶ ನಮ್ಮ ಬೀಜವನ್ನು ಹೇಗೆ ಕಾಪಾಡಿತೆಂದು ತಿಳಿಯುತ್ತದೆ. ನಮ್ಮ ಕಾಳಿನ ಹೂ ಕಡುನೇರಳೆ. ಭೂಮಿಯ ಮೇಲೆ ಬೇರಾವ ಕಾಳಿಗೂ ಆ ಬಣ್ಣವಿಲ್ಲ. ಅಲ್ಲಿಯವರೆಗೆ ಎರಡೂ ಪಾತಿಗಳು ಈ ಮಹನೀಯರ ಕೈಯಲ್ಲಿಯೇ ಇರಲಿ. ಬೇರೆ ಯಾರನ್ನೂ ನಾವು ನಂಬೆವು."

"ಸಂತೋಷ!" ಎಂದರು ನಿರ್ದೇಶಕರು. "ಸಚಿವರನ್ನೂ ಕರೆಸ್ತೀನಿ. ಪತ್ರಿಕೆಯವರನ್ನೂ."

ಬಿಚ್ಚಿದ್ದ ಗುಂಡಿಯನ್ನು ಸಾಹೇಬರು ಮತ್ತೆ ಹಾಕಿಕೊಂಡರು. ಅಂಗಡಿಯ ಕಾಳಿನ ಹೂ ಬಿಳಿ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೀಜದ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಬಹಳ ಕಡಿಮೆ.

ಅತಿಥಿಗಳು ಊಟಕ್ಕೆ ಹೊರಟರು. ತೋಟ ಖಾಲಿಯಾಯಿತು. ಸಾಹೇಬರು ಒಂದು ಪಾತಿಯನ್ನೂ ಇನ್ನೊಂದು ಪಾತಿಯನ್ನೂ ನೋಡುತ್ತ, ಬೀಜವೊಂದು ಮೊಳೆಯದಿರಲಿ ಎಂದು ಜೀವನದಲ್ಲಿ ಮೊದಲ ಸಲ ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ನಿಂತಿದ್ದರು. ಹಿಂದೆ ಯಾರೋ ಕೆಮ್ಮಿದ ಸದ್ದಾಯಿತು.

ಲೆಕ್ಕದವರು. ಬಾಯಿ ಒರೆಸಿಕೊಳ್ಳುತ್ತ ಬಂದಿದ್ದರು.

"ತಲೆ ಕೆಡಿಸ್ಕೋಬೇಡಿ ಸಾರ್. ಹೂ ಬಿಡೋಕೆ ಇನ್ನೂ ಬೇಕಾದಷ್ಟು ಟೈಮಿದೆ. ನನಗೊಂದು ಉಪಾಯ ಹೊಳೆದಿದೆ."

ಸಾಹೇಬರು ಬಾಯಿ ಬಿಗಿದು, ಮುಷ್ಟಿ ಬಿಗಿದು, ಇನ್ನು ಸಾಯುವ ತನಕ ಈ ಮನುಷ್ಯನ ಒಂದು ಮಾತನ್ನೂ ಕೇಳಬಾರದೆಂದು ನಿಶ್ಚಯಿಸಿದರು. ಕಣ್ಣನ್ನು ಪಾತಿಯಿಂದ ಕದಲಿಸಲಿಲ್ಲ. ಗಾಳಿ ಬೀಸಿ ತಿರುಗಾಮುರುಗಾ ಸ್ವಾಗತದ ಬಟ್ಟೆ ಪಟಪಟ ಹೊಡೆದುಕೊಂಡಿತು.

"ಕಡುನೇರಳೆ ಅಂದ್ರು ಅಲ್ವಾ?" ಎಂದರು ಲೆಕ್ಕದವರು, ಹತ್ತಿರ ಬಂದು, ಪಿಸುದನಿಯಲ್ಲಿ. "ಬಣ್ಣದ ಅಂಗಡಿಯವರು ನಮ್ಮ ಭಾವ."

ಸಾಹೇಬರು ಪಾತಿಯಿಂದ ತಲೆಯೆತ್ತಿ ಆಕಾಶ ನೋಡಿದರು.

"ಮಳೆ ಬಂದ್ರೆ ಹೋಗದ ಬಣ್ಣ ಸಿಗುತ್ತಾ?" ಎಂದು ಕೇಳಿದರು ಕೊನೆಗೆ.